ಸಿಕ್ಕಿದ್ದಾರೆ ಎನ್ನುವ ಪುಟ

ಹಂದನಕೆರೆ ಬಸ್ ನಿಲ್ದಾಣ
ಶುಕ್ರವಾರ, 23-2-2024
ಮಧ್ಯಾಹ್ನ ಹನ್ನೆರಡೂವರೆ

ಹನುಮಂತರಾಜು ಅವರಿಗೆ,

ಭಾನುಪ್ರಿಯಾಳ ನಮಸ್ಕಾರ. ನಾವು ಕ್ಷೇಮ ಎಂದು ಬರೆಯುವ ಹಾಗಿಲ್ಲ, ಆದ್ದರಿಂದ ಆ ಸಾಲು ಬಿಟ್ಟಿದ್ದೇನೆ. ನಿಮ್ಮ ಅಪ್ಪ ಮಂಗಳವಾರದಿಂದ ಕಾಣುತ್ತಿಲ್ಲ. ಇವತ್ತಿಗೆ ನಾಲ್ಕನೇ ದಿನ. ಈ ಕಾಗದ ಕೈಗೆ ಬಂದ ತಕ್ಷಣ ಅಂಗಡಿಯ ಷಟರ್ ಎಳೆದು ಹಂದನಕೆರೆ ರಸ್ತೆಗೆ ಹೊರಡಿ. ಯಾರ ಮೋಟಾರು ಸುಟ್ಟಿದ್ದರೂ ಸುಟ್ಟಿರಲಿ. ಉಳಿದದ್ದನ್ನು ದಾರಿಯಲ್ಲಿ ಓದಿಕೊಳ್ಳಿ.

ಫೋನಿರುವ ಕಾಲದಲ್ಲಿ ಕಾಗದ ಯಾಕೆ ಎಂದು ನೀವು ಕೇಳುವ ಹಾಗಿಲ್ಲ. ನನ್ನ ನಂಬರನ್ನು ಎರಡು ವರ್ಷದ ಹಿಂದೆಯೇ ಬ್ಲಾಕ್ ಮಾಡಿದ್ದೀರಿ. ಇವತ್ತು ಬೆಳಿಗ್ಗೆ ಇಲ್ಲಿನ ಬೋರಮ್ಮನವರ ಫೋನಿನಿಂದ ಮಾಡಿದೆ. ನಾನು ಹಲೋ ಎಂದದ್ದೇ ತಡ, ಇಟ್ಟುಬಿಟ್ಟಿರಿ. ಮತ್ತೆ ಮಾಡಿದರೆ ಸ್ವಿಚ್ ಆಫ್. ನನ್ನ ದನಿಯ ಮೇಲೆ ನಿಮಗೆ ಅಷ್ಟೊಂದು ಸಿಟ್ಟಿದ್ದರೆ ಇರಲಿ, ಅದನ್ನು ಆಮೇಲೆ ನೋಡಿಕೊಳ್ಳೋಣ. ಒಂದೂಕಾಲಿಗೆ ಇಲ್ಲಿಂದ ಹುಳಿಯಾರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಬಸವರಾಜು ಈ ಕಾಗದವನ್ನು ನಿಮ್ಮ ಕೈಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಹಾಳೆ ಬೋರಮ್ಮನ ಮೊಮ್ಮಗಳು ಮಧುಶ್ರೀಯ ನೋಟ್‌ಬುಕ್ಕಿನದು. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸರಿಯಿಲ್ಲ ಎಂದು ಪಕ್ಕಕ್ಕಿಡಬೇಡಿ.

ಮೊದಲಿನಿಂದ ಹೇಳುತ್ತೇನೆ. ನೀವು ಹೋದ ಮೇಲೂ ನಾನು ‘ಕೊಬ್ಬರಿ ಕಟ್ಟೆ’ಯನ್ನು ಬಿಡಲಿಲ್ಲ. ನಾವಿಬ್ಬರೂ ಸೇರಿ ಶುರು ಮಾಡಿದ ಆ ವೆಬ್‌ಸೈಟನ್ನು ಈಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆಯ ಜನ ನೋಡುತ್ತಾರೆ. ಕೊಬ್ಬರಿ ಧಾರಣೆ, ಬಸ್ಸಿನ ಹೊತ್ತು, ಯಾವ ಫೀಡರಿಗೆ ಯಾವಾಗ ಕರೆಂಟು, ಯಾರ ಹಸು ತಪ್ಪಿಸಿಕೊಂಡಿದೆ, ಎಲ್ಲವೂ ಅದರಲ್ಲಿದೆ. ಡಿಸೆಂಬರಿನಲ್ಲಿ ಮಾವ ಮೊದಲ ಸಲ ಕಾಣೆಯಾದಾಗ ಅವರ ಹೆಸರಿನಲ್ಲಿ ಅಲ್ಲೊಂದು ಪುಟ ಮಾಡಿದೆ. ಫೋಟೋ, ಎಡಗೈ ಮೇಲಿನ ಸುಟ್ಟ ಗಾಯ, ನನ್ನ ನಂಬರು. ಆರೇ ಗಂಟೆಯಲ್ಲಿ ಸಂಪಿಗೆ ಊರಿನಿಂದ ಫೋನು ಬಂತು. ದೇವಸ್ಥಾನದ ಹತ್ತಿರ ಒಬ್ಬರ ಮನೆಯ ಅಟ್ಟ ಹತ್ತಿ ಕೂತು, ಅಲ್ಲಿ ಒಣಗಲು ಹಾಕಿದ್ದ ಕೊಬ್ಬರಿಯನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ್ದು ಒಂದು ಕಡೆ, ಇನ್ನೂ ನೀರಿರುವುದು ಒಂದು ಕಡೆ ಎಂದು ಬೇರೆ ಮಾಡುತ್ತಿದ್ದರಂತೆ. ನಲವತ್ತು ವರ್ಷ ಮಾಡಿದ ಕೆಲಸ. ಹೆಸರು ಮರೆತರೂ ಕಿವಿ ಮರೆತಿರಲಿಲ್ಲ.

ಅವರನ್ನು ಕರೆತಂದ ಮೇಲೂ ವಾರಗಟ್ಟಲೆ ಜನ ಫೋನು ಮಾಡುತ್ತಲೇ ಇದ್ದರು. ಒಳ್ಳೆಯ ಜನವೇ, ಆದರೆ ಎಷ್ಟು ಜನಕ್ಕೆಂದು ಹೇಳುವುದು? ಬೇಸತ್ತು ಪುಟದಲ್ಲಿ ಹೀಗೆ ಬರೆದೆ: ‘ದೊಡ್ಡರಂಗಯ್ಯನವರು ಸಿಕ್ಕಿದ್ದಾರೆ. ಎಲ್ಲರಿಗೂ ಧನ್ಯವಾದ. ದಯವಿಟ್ಟು ಇನ್ನು ಫೋನು ಮಾಡಬೇಡಿ.’ ನಂಬರನ್ನೂ ತೆಗೆದೆ. ಪುಟವನ್ನು ಮಾತ್ರ ಉಳಿಸಿಕೊಂಡೆ. ಮತ್ತೆ ಎಲ್ಲಾದರೂ ಹೋದರೆ ಬೇಕಾಗುತ್ತದೆ ಎಂದು ಅದರ ಕ್ಯೂಆರ್ ಕೋಡನ್ನು ಕಾರ್ಡುಗಳಿಗೆ ಮುದ್ರಿಸಿ, ಲ್ಯಾಮಿನೇಷನ್ ಮಾಡಿಸಿದೆ. ನನ್ನ ಕಂಪ್ಯೂಟರ್ ಅಂಗಡಿಯ ಪಕ್ಕದಲ್ಲಿ ಬಟ್ಟೆ ಹೊಲಿಯುವ ಗಂಗಲಕ್ಷ್ಮಿ ಅವನ್ನು ಅವರ ಅಂಗಿ ಜೇಬಿಗೆ ಹೊಲಿದುಕೊಟ್ಟಳು. ಎಲ್ಲ ಅಂಗಿಗೂ. ಎಂಥ ಬುದ್ಧಿವಂತೆ ನಾನು ಎಂದು ನನಗೇ ಅನ್ನಿಸಿತ್ತು. ಕಾರ್ಡಿನ ಮೇಲೆ ನಂಬರನ್ನೂ ಬರೆದುಬಿಡು ಕಣೇ ಎಂದು ಗಂಗಲಕ್ಷ್ಮಿ ಹೇಳಿದ್ದಳು. ನಂಬರು ಬದಲಾಗಬಹುದು, ಪುಟದಲ್ಲಿದ್ದರೆ ಯಾವಾಗ ಬೇಕಾದರೂ ತಿದ್ದಬಹುದು ಎಂದು ಅವಳ ಬಾಯಿ ಮುಚ್ಚಿಸಿದೆ.

ಈಗ ಮಂಗಳವಾರದ ವಿಷಯ. ಹರಾಜಿನ ದಿನ ಎಲ್ಲರೂ ಒಟ್ಟಿಗೆ ಧಾರಣೆ ನೋಡಲು ಬರುವುದರಿಂದ ನಮ್ಮ ಸೈಟು ಏದುಸಿರು ಬಿಡುತ್ತಿತ್ತು. ನೀವು ಹೋಗುವ ಮುಂಚೆ ಆಡಿದ್ದು ನೆನಪಿದೆಯಾ? ‘ನಿನ್ ಪೇಜು ತೆರ್ಕೊಳ್ಳೋದ್ರೊಳ್ಗೆ ಎಲ್ಡು ಮೋಟ್ರು ಸುಟ್ಟೋಗಿರ್ತವೆ ಕಣೇ’ ಎಂದು ನಕ್ಕಿದ್ದಿರಿ. ಆ ನಗು ಎರಡು ವರ್ಷ ನನ್ನ ಕಿವಿಯಲ್ಲಿತ್ತು. ಅದಕ್ಕೇ ಮಂಗಳವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು, ಪುಟಗಳ ವೇಗ ಹೆಚ್ಚಿಸುವ ಒಂದು ಮಾಡ್ಯೂಲನ್ನು ಸರ್ವರಿನಲ್ಲಿ ಹಾಕತೊಡಗಿದೆ. ಎಲ್ಲೋ ದೂರದಲ್ಲಿರುವ ಬಾಡಿಗೆ ಸರ್ವರು, ಇಲ್ಲಿ ನನ್ನ ಮುಂದೆ ಒಂದು ಕಪ್ಪು ಪರದೆ, ಅದರಲ್ಲಿ ಒಂದೊಂದೇ ಆಜ್ಞೆ. ಮೊದಲ ಸಲ ಇಡೀ ಸೈಟೇ ಬಿದ್ದುಹೋಯಿತು. ತೆಗೆದು ಮತ್ತೆ ಹಾಕಿದೆ. ಹತ್ತು ಗಂಟೆಗೆ ಕೂತವಳು ಏಳುವಾಗ ನಾಲ್ಕು ದಾಟಿತ್ತು.

ಆದರೆ ಆಯಿತು. ಮಣಭಾರದ ಫೋಟೋಗಳನ್ನೆಲ್ಲ ಅದು ಹಗುರ ಮಾಡಿತು. ವೇಗದ ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತನಾಲ್ಕು ಬರುತ್ತಿದ್ದದ್ದು ತೊಂಬತ್ತಮೂರಕ್ಕೆ ಬಂತು. ಅಷ್ಟಕ್ಕೂ ತೃಪ್ತಿಯಾಗದೆ ಅದರ ಜೊತೆಗೆ ಇನ್ನೊಂದು ಸೌಲಭ್ಯವನ್ನೂ ಆನ್ ಮಾಡಿದೆ. ಅದು ಪ್ರತಿ ಸಲ ಪುಟವನ್ನು ಹೊಸದಾಗಿ ಕಟ್ಟುವುದಿಲ್ಲ. ಒಮ್ಮೆ ಕಟ್ಟಿದ ಪ್ರತಿಯನ್ನು ತೆಗೆದಿಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಕೊಡುತ್ತದೆ. ಎಷ್ಟು ದಿನ ಇಟ್ಟುಕೊಳ್ಳಬೇಕು ಎನ್ನುವ ಕಡೆ ಒಂದು ವಾರ ಎಂದು ಬರೆದೆ. ಧಾರಣೆಯ ಪುಟವನ್ನು ಮಾತ್ರ ಜ್ಞಾಪಕ ಇಟ್ಟು ಹೊರಗೆ ಬಿಟ್ಟೆ, ಕೊಬ್ಬರಿ ಬೆಲೆ ಬದಲಾಗುತ್ತದಲ್ಲ. ಮಾವನ ಪುಟವೂ ಬದಲಾಗಬೇಕಾಗಿ ಬರುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ತೊಂಬತ್ತಾರು ಬಂತು. ಗಂಗಲಕ್ಷ್ಮಿಗೆ ಮೈಸೂರ್ ಪಾಕು ತರಿಸಿಕೊಟ್ಟೆ. ನಿಮಗೆ ಹೇಗಾದರೂ ಈ ಸುದ್ದಿ ಮುಟ್ಟಬೇಕು ಎಂದುಕೊಂಡೆ. ನಾಚಿಕೆಯಿಲ್ಲದವಳು ನಾನು.

ನಾಲ್ಕೂವರೆಗೆ ಮನೆಗೆ ಬಂದರೆ ಮಾವ ಇರಲಿಲ್ಲ. ಹೇಗೆ ಹೋದರು ಎನ್ನುವುದು ಈಗ ಬೇಡ. ಹೋದರು. ಎರಡು ವರ್ಷದ ಹಿಂದೆ ಬೀಗ ಒಡೆದು ಬಾಗಿಲು ತೆರೆದಿಟ್ಟವಳು ನೀನು ಎಂದು ನೀವು ಬೈದರೆ ಬೈಯಿಸಿಕೊಳ್ಳುತ್ತೇನೆ.

ಓಡಿಕೊಂಡು ಅಂಗಡಿಗೆ ಬಂದು ಪುಟವನ್ನು ತಿದ್ದಿದೆ. ‘ಕಾಣೆಯಾಗಿದ್ದಾರೆ’ ಎಂದು ಕೆಂಪಕ್ಷರದಲ್ಲಿ ಬರೆದು, ಫೋಟೋ ಬದಲಿಸಿ, ನಂಬರು ಹಾಕಿದೆ. ನನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ, ಸರಿಯಾಗಿತ್ತು. ಸ್ಟೇಷನ್ನಿನಲ್ಲಿ ದೂರು ಕೊಟ್ಟೆ. ಗೊತ್ತಿರುವ ಎಲ್ಲ ವಾಟ್ಸಾಪ್ ಗ್ರೂಪಿಗೂ ಪುಟದ ಲಿಂಕು ಹಾಕಿದೆ. ಬರೀ ಲಿಂಕು, ಎಲ್ಲ ವಿವರ ಅದರಲ್ಲೇ ಇದೆಯಲ್ಲ ಎಂದು. ಕೈ ಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ದೇವರು ದೊಡ್ಡವನು ಎಂದು ಎಷ್ಟೋ ಜನ ಬರೆದರು. ನನಗೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡು ಒಬ್ಬೊಬ್ಬರಿಗೂ ಥ್ಯಾಂಕ್ಸ್ ಬರೆದೆ.

ಆದರೆ ಫೋನು ಮಾತ್ರ ಬರಲಿಲ್ಲ. ಬುಧವಾರ ಬರಲಿಲ್ಲ, ಗುರುವಾರವೂ ಬರಲಿಲ್ಲ. ಡಿಸೆಂಬರಿನಲ್ಲಿ ಬೇಡವೆಂದರೂ ಬಡಿದುಕೊಳ್ಳುತ್ತಿದ್ದ ಫೋನು ಸತ್ತಂತೆ ಬಿದ್ದಿತ್ತು. ಯಾರ ಕಣ್ಣಿಗೂ ಬಿದ್ದಿಲ್ಲವೆಂದರೆ ಬಾವಿಯೋ ಕಟ್ಟೆಯೋ ಎಂದು ಮನಸ್ಸು ಎಲ್ಲೆಲ್ಲಿಗೋ ಹೋಯಿತು. ತೋಟದ ಬಾವಿಗಳಿಗೆಲ್ಲ ಇಣುಕಿ ಬಂದೆ. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ, ಅವರು ಹಿಂದೆ ಕೊಬ್ಬರಿ ನೋಡಲು ಬರುತ್ತಿದ್ದ ಊರೆಂದು, ಕಾಗದದ ಫೋಟೋ ಹಿಡಿದು ಹಂದನಕೆರೆಗೆ ಬಂದೆ.

ಮೂರನೆಯ ಮನೆಯೇ ಬೋರಮ್ಮನದು. ಫೋಟೋ ನೋಡಿ ಆಕೆ, ‘ಅಯ್ಯೋ, ಇವ್ರು ಬುಧ್ವಾರ ನಮ್ಮನೇಗೇ ಬಂದಿದ್ರು ಕಣವ್ವ, ಸಿಕ್ಕವ್ರೆ ಅಂತ ಐತಲ್ಲ’ ಎಂದರು. ನನಗೆ ಅರ್ಥವಾಗಲಿಲ್ಲ. ಅಂದು ಮಾವ ಬೆಳಿಗ್ಗೆಯೇ ಬಂದು ಅಟ್ಟ ತೋರಿಸಿ ಎಂದರಂತೆ. ಹತ್ತಿ ಕೂತು, ಅಲ್ಲಾಡಿಸಿ ನೋಡಿ, ‘ಇನ್ನೂ ನೀರೈತೆ ಕಣಮ್ಮ, ಎಲ್ಡು ತಿಂಗ್ಳು ಮುಟ್ಬ್ಯಾಡಿ’ ಎಂದರಂತೆ. ಮುದ್ದೆ ಉಂಡರಂತೆ. ಯಾರೋ ಏನೋ ಎಂದು ಮಧುಶ್ರೀ ಜೇಬಿನ ಕಾರ್ಡಿಗೆ ಫೋನು ಹಿಡಿದಳು. ಪುಟ ತಟ್ಟನೆ ತೆರೆದುಕೊಂಡಿತು. ನೋಡಿ, ಎಷ್ಟು ಬೇಗ! ಸಿಕ್ಕಿದ್ದಾರೆ, ಧನ್ಯವಾದ, ದಯವಿಟ್ಟು ಇನ್ನು ಫೋನು ಮಾಡಬೇಡಿ. ಮನೆಯವರಿಗೆ ಗೊತ್ತಿದ್ದೇ ಓಡಾಡುತ್ತಿದ್ದಾರೆ ಎಂದುಕೊಂಡು ಅವರು ಸುಮ್ಮನಾದರು.

ಮಧುಶ್ರೀ ಅದೇ ಪುಟವನ್ನು ಮತ್ತೆ ತೆರೆದು ನನ್ನ ಮುಂದೆ ಹಿಡಿದಳು. ಇವತ್ತಿಗೂ ಅದೇ ಇತ್ತು. ನನ್ನ ಕಂಪ್ಯೂಟರಿನಲ್ಲಿ ನಾನು ಒಡತಿಯಾಗಿ ಲಾಗಿನ್ ಆಗಿರುವುದರಿಂದ ನನಗೆ ಮಾತ್ರ ಹೊಸ ಪುಟ ಕಾಣುತ್ತಿತ್ತು. ಉಳಿದಂತೆ ಮೂರೂ ತಾಲ್ಲೂಕಿಗೆ ಆ ಮಾಡ್ಯೂಲು ತೆಗೆದಿಟ್ಟುಕೊಂಡ ಹಳೆಯ ಪ್ರತಿಯನ್ನೇ ಕೊಡುತ್ತಿತ್ತು. ಒಂದೇ ಒಂದು ಸಲ ಗಂಗಲಕ್ಷ್ಮಿಯ ಫೋನಿನಲ್ಲಿ ತೆರೆದು ನೋಡಿದ್ದರೆ ಸಾಕಿತ್ತು. ಗ್ರೂಪುಗಳಲ್ಲಿ ಕೈ ಮುಗಿದವರು ಮಾವ ಸಿಕ್ಕರೆಂದು ಸಂತೋಷಪಟ್ಟು ಮುಗಿದಿದ್ದರು. ಬೋರಮ್ಮನ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ಆಕೆ ನೀರು ಕೊಟ್ಟು, ‘ಅಳ್ಬ್ಯಾಡ ಬುಡವ್ವ, ಯಂತ್ರ ಮಾಡಿದ್ದು’ ಎಂದರು. ಯಂತ್ರ ಮಾಡಿದ್ದಲ್ಲ. ನಾನು ಹೇಳಿದ್ದನ್ನು ಅದು ಮಾಡಿತು.

ಅಲ್ಲಿಂದಲೇ ಗಂಗಲಕ್ಷ್ಮಿಗೆ ಫೋನು ಮಾಡಿದೆ. ಹಳೆಯ ಪ್ರತಿಗಳನ್ನು ಅಳಿಸುವ ಆಜ್ಞೆಯನ್ನು ಅಂಗಡಿಯ ಕಂಪ್ಯೂಟರಿನಿಂದಲೇ ಕೊಡಬೇಕಿತ್ತು, ಅಂಗಡಿಯ ಬೀಗದ ಕೈ ಅವಳ ಹತ್ತಿರ ಇರುತ್ತದೆ. ಕಂಪ್ಯೂಟರನ್ನು ಮುಟ್ಟಿದವಳಲ್ಲ ಅವಳು. ಒಂದೊಂದೇ ಅಕ್ಷರ ಹೇಳಿದೆ, ಒಂದೊಂದನ್ನೂ ಹುಡುಕಿ ಒತ್ತಿದಳು. ‘ಅಡ್ಡಗೀಟು ಯಾವ್ ಕಡೀಕ್ ಬಾಗಿರ್ಬೇಕು ಹೇಳೇ, ತಪ್ಪು ಒತ್ತಿದ್ರೆ ಏನಾಯ್ತದೆ’ ಎಂದು ಅವಳೂ ಅಳುತ್ತಿದ್ದಳು. ಅರ್ಧ ಗಂಟೆಯಾಯಿತು. ಆ ಹಳೆಯ ಪ್ರತಿಗಳೆಲ್ಲ ಅಳಿಸಿಹೋದವು. ಮಧುಶ್ರೀಯ ಫೋನಿನಲ್ಲಿ ಕೆಂಪಕ್ಷರ ಕಾಣಿಸಿತು. ಗ್ರೂಪುಗಳಿಗೆಲ್ಲ ಲಿಂಕನ್ನು ಮತ್ತೆ ಕಳಿಸಿದೆ.

ಹತ್ತು ನಿಮಿಷ ಕಳೆದಿರಲಿಲ್ಲ, ಫೋನು ಬಡಿದುಕೊಳ್ಳತೊಡಗಿತು. ಎಲ್ಲರೂ ಮಾವನನ್ನು ನೋಡಿದವರೇ. ಎಲ್ಲರೂ ಕಾರ್ಡು ಹಿಡಿದು ನೋಡಿ, ಸಿಕ್ಕಿದ್ದಾರೆ ಎಂದು ಓದಿ, ಬಿಟ್ಟುಕಳಿಸಿದವರೇ. ನಮ್ಮ ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ, ಮಂಗಳವಾರ ಅವರನ್ನು ಹಂದನಕೆರೆ ಬಸ್ಸಿಗೆ ತಾನೇ ಹತ್ತಿಸಿದೆ ಎಂದು ಬಾಯಿ ಬಡಿದುಕೊಂಡರು. ಅಂದು ಸಂಜೆ ಅವರು ಇಲ್ಲಿಯ ದೇವಸ್ಥಾನದ ಜಗಲಿಯಲ್ಲಿ ಮಲಗಿದ್ದನ್ನು ಕಂಡವರು ಒಬ್ಬರು. ಆಮೇಲೆ ಬಸವರಾಜು. ಬುಧವಾರ ಮಧ್ಯಾಹ್ನ ಮಾವ ಅವರ ಬಸ್ಸಿಗೆ ಹತ್ತಿ ಹುಳಿಯಾರಿಗೆ ಟಿಕೆಟು ತೆಗೆದುಕೊಂಡರಂತೆ. ನಡುವೆ ದೊಡ್ಡ ಹುಣಸೇಮರದ ಸ್ಟಾಪಿನಲ್ಲಿ ತೋಟದಲ್ಲಿ ಕಾಯಿ ಸುಲಿಯುವುದನ್ನು ಕಂಡು, ‘ತಡೀರಿ ತಡೀರಿ’ ಎಂದು ಇಳಿದೇಬಿಟ್ಟರಂತೆ. ಕೊನೆಯದು ನಿನ್ನೆ ಬೆಳಿಗ್ಗೆಯದು. ಅಲ್ಲಿಂದ ಎರಡು ಮೈಲಿ ಆಚೆ ರಸ್ತೆಬದಿಯಲ್ಲಿ ಎಳನೀರು ಇಟ್ಟುಕೊಂಡಿರುವ ಒಬ್ಬರು ಅವರಿಗೆ ಕುಡಿಸಿದ್ದಾರೆ. ಕಾಲು ಕುಂಟುತ್ತಿದ್ದರಂತೆ, ಹುಳಿಯಾರಿನ ಕಡೆಗೇ ಮುಖ ಮಾಡಿ ನಡೆದರಂತೆ. ಅಲ್ಲಿಂದ ಈಚೆಗೆ ಯಾರೂ ನೋಡಿಲ್ಲ.

ಸಕ್ಕರೆ ಕಾಯಿಲೆಯ ಮಾತ್ರೆ ಅವರ ಹೊಟ್ಟೆಗೆ ಬಿದ್ದು ನಾಲ್ಕು ದಿನವಾಯಿತು. ಬಿಸಿಲು ನಿಮಗೇ ಗೊತ್ತು. ನಾನು ಈಗ ಇದೇ ಬಸ್ಸಿಗೆ ಹತ್ತಿ ಎಳನೀರಿನವರ ಹತ್ತಿರ ಇಳಿದು ನಡೆಯುತ್ತೇನೆ. ಆ ಕಡೆಯಿಂದ ನೀವು ಬನ್ನಿ. ರಸ್ತೆ ನೋಡಿದರೆ ಸಾಲದು. ಎಲ್ಲಿ ಕಾಯಿ ಸುಲಿಯುತ್ತಿದ್ದಾರೋ, ಎಲ್ಲಿ ಕೊಬ್ಬರಿ ಒಡೆಯುವ ಸದ್ದಿದೆಯೋ ಅಲ್ಲಿಗೆ ಹೋಗಿ ಕೇಳಿ. ಅಟ್ಟವಿರುವ ಪ್ರತಿ ಮನೆಯಲ್ಲೂ ಅಟ್ಟ ಹತ್ತಿ ನೋಡಿ. ಕಾರ್ಡು ಹಿಡಿದು ನೋಡಿದಿರಾ ಎಂದು ಯಾರನ್ನೂ ಕೇಳಬೇಡಿ, ಅವರ ತಪ್ಪೇನೂ ಇಲ್ಲ.

ಇನ್ನೊಂದು ಮಾತನ್ನು ನಿಮಗೆ ಹೇಳಲೇಬೇಕು. ನೀವು ಮನೆ ಬಿಟ್ಟದ್ದು ಬೀಗದ ಜಗಳಕ್ಕೆ ಎಂದು ಊರೆಲ್ಲ ತಿಳಿದಿದೆ. ಅವರು ಅಡ್ಡಾಡಿ ಕಳೆದುಹೋಗುತ್ತಾರೆಂದು ನೀವು ನಡುಮನೆಗೆ ಬೀಗ ಹಾಕಿದಿರಿ, ಅವರು ಇಡೀ ದಿನ ಬಾಗಿಲು ಬಡಿಯುವುದನ್ನು ಕೇಳಲಾರದೆ ನಾನು ಗುಂಡುಕಲ್ಲಿನಿಂದ ಚಿಲಕವನ್ನೇ ಒಡೆದೆ. ‘ನಾಳೆ ಅಪ್ಪ ಕಳ್ದೋದ್ರೆ ನನ್ ಮುಂದಕ್ಕೆ ಬರಬ್ಯಾಡ’ ಎಂದಿರಿ. ಎಲ್ಲ ನಿಜ. ಆದರೆ ಅದರ ಹಿಂದಿನ ದಿನ ಅವರು ನಿಮ್ಮನ್ನು ನೋಡಿ, ‘ಯಾರಪ್ಪ ನೀನು, ಮೋಟ್ರು ರಿಪೇರಿಗೆ ಬಂದ್ಯಾ’ ಎಂದು ಕೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ. ನೀವು ಎದ್ದು ಹಿತ್ತಿಲಿಗೆ ಹೋದಿರಿ. ನಿಮ್ಮನ್ನು ಓಡಿಸಿದ್ದು ಆ ಮಾತು. ನನಗೆ ಗೊತ್ತಿದ್ದೂ ನಾನು ಹಿಂದೆ ಬಂದು ಕರೆಯಲಿಲ್ಲ, ಬೀಗದ ಜಗಳದಲ್ಲಿ ಗೆದ್ದ ಜಂಬದಲ್ಲಿದ್ದೆ.

ಬೋರಮ್ಮನಿಗೆ ಮಾವ ಏನು ಹೇಳಿದ್ದಾರೆ ಗೊತ್ತೇ? ಎಲ್ಲಿಗೆ ಹೊರಟಿರಿ ಎಂದು ಆಕೆ ಕೇಳಿದ್ದಕ್ಕೆ, ‘ನನ್ ಮಗ ಹುಳಿಯಾರ್‌ನಲ್ಲಿ ಮೋಟ್ರು ಕಟ್ತಾನೆ, ರಾಜು ಅಂತ. ಸಿಟ್ಟು ಮಾಡ್ಕಂಡು ಹೋಗವ್ನೆ. ಕರ್ಕಂಡ್ ಬತ್ತೀನಿ’ ಎಂದರಂತೆ. ನಿಮ್ಮ ಹೆಸರು, ನಿಮ್ಮ ಊರು, ನಿಮ್ಮ ಕೆಲಸ, ನಿಮ್ಮ ಸಿಟ್ಟು, ಎಲ್ಲವನ್ನೂ ಹೇಳಿದ್ದಾರೆ. ನನ್ನ ಮೇಲೆ ನಿಮಗೆ ಎಷ್ಟು ಕೋಪವಿದ್ದರೂ ಇರಲಿ. ಅವರು ಹೊರಟಿರುವುದು ನಿಮ್ಮ ಹತ್ತಿರಕ್ಕೆ. ದಯವಿಟ್ಟು ಎದುರಿಗೆ ಹೋಗಿ.

ನನ್ನ ನಂಬರು ಅದೇ. ಬ್ಲಾಕ್ ತೆಗೆದು ಒಂದು ಸಲ ಫೋನು ಮಾಡಿ, ಸಾಕು. ಅವರು ಮೊದಲು ನಿಮಗೆ ಸಿಕ್ಕರೆ ನೀರು ಕೊಡಿ, ಕೂರಿಸಿ, ಸಕ್ಕರೆ ಪರೀಕ್ಷೆ ಮಾಡಿಸಿ. ನಿಮ್ಮನ್ನು ಗುರುತು ಹಿಡಿಯದಿದ್ದರೆ ನೊಂದುಕೊಳ್ಳಬೇಡಿ. ಬೋರಮ್ಮನ ಜಗಲಿಯಲ್ಲಿ ಅವರಿಗೆ ನೀವು ಚೆನ್ನಾಗಿ ನೆನಪಿದ್ದಿರಿ.

ನಿಮ್ಮ ದಾರಿಯನ್ನೇ ಕಾಯುತ್ತಿರುವ,
ಭಾನುಪ್ರಿಯಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಹೆದರಿ ಬಿಟ್ಟದ್ದು. ಬಸ್ಸು ಬಂದು ನಿಂತಿದೆ, ಬಸವರಾಜು ಕೈ ಬೀಸುತ್ತಿದ್ದಾರೆ. ಮಂಗಳವಾರ ಬಾಗಿಲು ತೆರೆದಿರಲಿಲ್ಲ. ಸೋಮವಾರವೆಲ್ಲ ಅವರು ಗಳಿಗೆಗೊಂದು ಸಲ ಅಂಗಡಿಗೆ ಬಂದು ನನ್ನನ್ನು ಎಬ್ಬಿಸಿದ್ದರು. ಆ ಮಾಡ್ಯೂಲು ಹಾಕಲು ನನಗೆ ಯಾರೂ ಕರೆಯದ ಒಂದು ದಿನ ಬೇಕಿತ್ತು. ಚಿಲಕವನ್ನು ಹೋದ ತಿಂಗಳೇ ರಿಪೇರಿ ಮಾಡಿಸಿದ್ದೆ. ನಿಮ್ಮ ಅದೇ ಹಳೆಯ ಬೀಗವನ್ನು ಹುಡುಕಿ ತೆಗೆದು ನಾನೇ ಹಾಕಿದೆ. ‘ಅವ್ವಾ, ಬಾಗ್ಲು’ ಎಂದು ಒಳಗಿನಿಂದ ಕರೆದರು. ಬರ್ತೀನಿ ಇರಿ ಎಂದು ಹೇಳಿ ಹೋದೆ. ಸಂಜೆ ಬಂದಾಗ ಬೀಗ ಹಾಕಿದ ಹಾಗೇ ಇತ್ತು. ಅಟ್ಟ ಹತ್ತಿ, ಸೂರಿನ ಮೂರು ಹೆಂಚು ತೆಗೆದು, ಹಿತ್ತಿಲ ಗೋಡೆಯ ಮೇಲಿಂದ ಇಳಿದುಹೋಗಿದ್ದಾರೆ. ಕುಂಟುತ್ತಿರುವುದು ಅದಕ್ಕೇ ಇರಬೇಕು. ಹೆಂಚುಗಳನ್ನು ಅಟ್ಟದ ಮೇಲೆ ಒಂದರ ಮೇಲೊಂದು ಜೋಡಿಸಿಟ್ಟಿದ್ದರು, ಒಂದೂ ಒಡೆದಿರಲಿಲ್ಲ. ಬೀಗದ ಕೀಲಿಯನ್ನು ಈ ಕಾಗದದೊಳಗೆ ಮಡಚಿದ್ದೇನೆ. ಅವರು ಸಿಗಲಿ, ಸಿಗದಿರಲಿ, ಅದು ನನ್ನ ಹತ್ತಿರ ಇರುವುದು ಬೇಡ.